ಸಿವಿಲ್ ಎಇ ಗೈಡು ಕೊಳ್ಳುವವರು ಮೊದಲು ನೋಡಬೇಕಾದದ್ದು ಕೋಡಿನ ಇಸವಿ

ಎಇ (ಸಹಾಯಕ ಎಂಜಿನಿಯರ್), ಜೆಇ (ಕಿರಿಯ ಎಂಜಿನಿಯರ್) ಪರೀಕ್ಷೆಯ ಸಿವಿಲ್ ಗೈಡುಗಳು ಮಂಗಳೂರಿನ ಅಂಗಡಿಗಳಲ್ಲಿ ಬೇಕಾದಷ್ಟು ಉಂಟು. ರಕ್ಷಾಪುಟದ ಮೇಲಿನ ‘ಹೊಸ ಆವೃತ್ತಿ’ ನಂಬಿ ದುಡ್ಡು ಕೊಡಬೇಡಿ. ಅಂಗಡಿಯಲ್ಲೇ ನಿಂತು ಮೂರು ಪುಟ ತೆರೆದರೆ ಸಾಕು, ಒಳಗಿನ ಕೋಡುಗಳು, ಅಂದರೆ ನಿರ್ಮಾಣದ ಭಾರತೀಯ ಮಾನಕಗಳು (ಐಎಸ್), ಹಳೆಯವೋ ಹೊಸವೋ ಗೊತ್ತಾಗುತ್ತದೆ.

ಮೊದಲನೆಯದು ಕಾಂಕ್ರೀಟಿನ ಸ್ಥಿತಿಸ್ಥಾಪಕತ್ವ ಗುಣಾಂಕ. ಕಾಂಕ್ರೀಟಿನ ಕೋಡಾದ ಐಎಸ್ 456ರ 1978ರ ಆವೃತ್ತಿಯಲ್ಲಿ ಅದು ಎಫ್‌ಸಿಕೆಯ (ಕಾಂಕ್ರೀಟ್ ತಾಳಬೇಕಾದ ನಿಗದಿತ ಒತ್ತಡ, ಮೆಗಾಪಾಸ್ಕಲ್‌ನಲ್ಲಿ) ವರ್ಗಮೂಲದ 5700 ಪಟ್ಟು, 2000ದ ಆವೃತ್ತಿಯಲ್ಲಿ 5000 ಪಟ್ಟು. ಎಂ25ಕ್ಕೆ (ಎಫ್‌ಸಿಕೆ 25 ಇರುವ ಕಾಂಕ್ರೀಟಿಗೆ) ಲೆಕ್ಕ ಹಾಕಿದರೆ 28,500 ಮತ್ತು 25,000 ಮೆಗಾಪಾಸ್ಕಲ್. ಆಯ್ಕೆಗಳಲ್ಲಿ ಎರಡೂ ಇದ್ದರೆ ಹಳೆ ಗೈಡು ಓದಿದವರು ಧೈರ್ಯವಾಗಿ ತಪ್ಪು ಉತ್ತರಕ್ಕೆ ಗುರುತು ಹಾಕಿ ಬರುತ್ತಾರೆ. 5700 ಕಂಡರೆ ಪುಸ್ತಕವನ್ನು ವಾಪಸ್ ಇಡಿ.

ಎರಡನೆಯದು ಉಕ್ಕಿನ ಅಧ್ಯಾಯ. ಐಎಸ್ 800:2007ರ ಲಿಮಿಟ್ ಸ್ಟೇಟ್ ವಿಧಾನವೇ (ರಚನೆ ಕೈಕೊಡುವ ಮಿತಿಯನ್ನು ಆಧರಿಸಿದ ಲೆಕ್ಕ) ಮುಖ್ಯವಾಗಿರಬೇಕು. ಸುರಕ್ಷಾ ಗುಣಾಂಕಗಳು ಯೀಲ್ಡಿಂಗ್‌ಗೆ (ಉಕ್ಕು ಮರಳಿ ಮೊದಲಿನಂತಾಗದ ಹಾಗೆ ಹಿಗ್ಗುವುದಕ್ಕೆ) 1.10, ಬೋಲ್ಟಿಗೆ 1.25, ಸೈಟಿನಲ್ಲಿ ಮಾಡುವ ವೆಲ್ಡಿಂಗಿಗೆ 1.50 ಎಂದಿರಬೇಕು. ಬರೇ 0.66 ಪಟ್ಟು ಯೀಲ್ಡ್ ಸ್ಟ್ರೆಸ್ ಎಂದು ಬರೆದಿದ್ದರೆ ಅದು ಇದೇ ಕೋಡಿನ 1984ರ ಆವೃತ್ತಿಯ ಪಾಠ.

ಮೂರನೆಯದು ಮಿಕ್ಸ್ ಡಿಸೈನ್, ಅಂದರೆ ಕಾಂಕ್ರೀಟಿಗೆ ಸಿಮೆಂಟ್, ನೀರು, ಮರಳು, ಜಲ್ಲಿಯ ಪ್ರಮಾಣ ಗೊತ್ತುಮಾಡುವುದು. ಐಎಸ್ 10262:2019ರಲ್ಲಿ 20 ಮಿ.ಮೀ. ಜಲ್ಲಿಗೆ ಶೇ. 1 ಗಾಳಿಯನ್ನು ಲೆಕ್ಕದಿಂದ ಕಳೆಯಬೇಕು. 2009ರದ್ದರಲ್ಲಿ ಇದು ಇರಲಿಲ್ಲ. ಒಂದು ಘನ ಮೀಟರಿನಲ್ಲಿ ಶೇ. 1 ಎಂದರೆ 10 ಲೀಟರ್. 2.7 ಸಾಪೇಕ್ಷ ಸಾಂದ್ರತೆಯ ಜಲ್ಲಿ, ಮರಳಾದರೆ 27 ಕೆಜಿ ವ್ಯತ್ಯಾಸ.

ಎಷ್ಟೇ ಒಳ್ಳೆಯ ಗೈಡಾದರೂ ಐಎಸ್ 456ರ ಮೂಲ ಪ್ರತಿ ಬೇಕೇ ಬೇಕು. ಗೈಡಿನ ಮಾದರಿ ಲೆಕ್ಕಗಳು ಸಾಮಾನ್ಯವಾಗಿ ‘ಮೈಲ್ಡ್’ ಪರಿಸರಕ್ಕೆ, 20 ಮಿ.ಮೀ. ಕವರಿಗೆ (ಕಂಬಿಯನ್ನು ಮುಚ್ಚುವ ಕಾಂಕ್ರೀಟ್ ಪದರಕ್ಕೆ) ನಿಂತುಬಿಡುತ್ತವೆ. ನಮ್ಮ ಉಳ್ಳಾಲ, ಪಣಂಬೂರು, ಮಲ್ಪೆಯ ಕಡಲ ಗಾಳಿಗೆ ಮೈಯೊಡ್ಡಿದ ಕಾಂಕ್ರೀಟ್ ‘ಸಿವಿಯರ್’ ವರ್ಗಕ್ಕೆ ಸೇರುತ್ತದೆ: ಕನಿಷ್ಠ ಎಂ30, ಘನ ಮೀಟರಿಗೆ ಸಿಮೆಂಟ್ 320 ಕೆಜಿ, ನೀರು-ಸಿಮೆಂಟ್ ಅನುಪಾತ 0.45ರ ಒಳಗೆ, ಕವರ್ 45 ಮಿ.ಮೀ. ಅಲೆಯ ತುಂತುರು ನೇರ ತಾಗುವಲ್ಲಿ ‘ವೆರಿ ಸಿವಿಯರ್’, ಅಂದರೆ ಎಂ35, 340 ಕೆಜಿ, 50 ಮಿ.ಮೀ. ಈ ಕೋಷ್ಟಕಗಳಿಂದ ಪ್ರಶ್ನೆ ಕೇಳುವುದು ಬಹಳ ಸುಲಭ. ಹಾಗಾಗಿ ಐಎಸ್ 456ರ 3, 5, 16ನೇ ಕೋಷ್ಟಕ ಮೂರನ್ನೂ ಒಟ್ಟಿಗೆ ಇಟ್ಟುಕೊಂಡು ಓದಿ.

ವಿನ್ಯಾಸದ ಚಾರ್ಟುಗಳ ಪುಸ್ತಕವಾದ ಎಸ್‌ಪಿ 16 ಕೊಳ್ಳಬಹುದು, ಆದರೆ ಅದು 1980ರದ್ದು, 1978ರ ಕೋಡನ್ನು ಆಧರಿಸಿದ್ದು ಎಂಬುದು ನೆನಪಿರಲಿ. ಪಿಲ್ಲರಿನ ಚಾರ್ಟ್ ಆರಿಸುವಾಗ ಎಡವುವುದು ಕವರಿನಲ್ಲಿ. 45 ಮಿ.ಮೀ. ಕವರ್, 8ರ ರಿಂಗ್, 20ರ ಕಂಬಿಯ ಅರ್ಧ 10, ಒಟ್ಟು 63. ಪಿಲ್ಲರಿನ ಆಳ 300 ಆದರೆ ಇವೆರಡರ ಅನುಪಾತ 0.21, ಚಾರ್ಟ್ ಆರಿಸುವುದು ಇದನ್ನು ನೋಡಿ. ರೂಢಿಯ ಮೇಲೆ 0.10ರ ಚಾರ್ಟ್ ತೆರೆದರೆ ಪಿಲ್ಲರಿನ ಸಾಮರ್ಥ್ಯ ಇರುವುದಕ್ಕಿಂತ ಹೆಚ್ಚು ಬರುತ್ತದೆ. ಪುಟ ಚಿಕ್ಕದು ಮಾಡಿದ ಝೆರಾಕ್ಸ್ ಇದಕ್ಕೆ ಪ್ರಯೋಜನವಿಲ್ಲ, ಗೆರೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ.

ಸೀನಿಯರ್‌ಗಳಿಂದ ಬಂದ ಐಎಸ್ 456ರ ಝೆರಾಕ್ಸ್ ಆದರೆ 11ನೇ ಕೋಷ್ಟಕ (ಕಾಂಕ್ರೀಟಿನ ಪರೀಕ್ಷಾ ಫಲಿತಾಂಶ ಎಷ್ಟಿದ್ದರೆ ಒಪ್ಪಬಹುದು ಎಂಬುದು) ನೋಡಿ. ಎಂ20 ಮತ್ತು ಮೇಲಿನ ಕಾಂಕ್ರೀಟಿಗೆ ‘ಎಫ್‌ಸಿಕೆ + 4’ ಎಂದಿದ್ದರೆ ಅದಕ್ಕೆ ತಿದ್ದುಪಡಿ ಸೇರಿಲ್ಲ. ತಿದ್ದುಪಡಿಯಾದ ಮೇಲೆ ಅದು 3. ಭಾರತೀಯ ಮಾನಕ ಬ್ಯೂರೋದ ಜಾಲತಾಣದಲ್ಲಿ ನೋಂದಾಯಿಸಿಕೊಂಡರೆ ಕೋಡುಗಳ ಪಿಡಿಎಫ್ ಉಚಿತವಾಗಿ ಸಿಗುತ್ತದೆ. ಅದನ್ನೇ ಎ4ರಲ್ಲಿ ಮುದ್ರಿಸಿ ಬೈಂಡ್ ಮಾಡಿಸುವುದು ಉತ್ತಮ.

ಮಣ್ಣು, ದ್ರವಶಾಸ್ತ್ರ, ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಇವಕ್ಕೆ ಸೆಕೆಂಡ್ ಹ್ಯಾಂಡ್ ಪಠ್ಯಪುಸ್ತಕ ಧಾರಾಳ ಸಾಕು, ಅಲ್ಲಿನ ಸೂತ್ರಗಳು ಬದಲಾಗುವುದಿಲ್ಲ. ರಸ್ತೆಯ ಪುಸ್ತಕಕ್ಕೆ ಮಾತ್ರ ಈ ರಿಯಾಯಿತಿ ಇಲ್ಲ, ಐಆರ್‌ಸಿ 37ರ (ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಡಾಂಬರು ರಸ್ತೆ ವಿನ್ಯಾಸದ ಮಾರ್ಗಸೂಚಿ) 2018ರ ಆವೃತ್ತಿ ಅದರಲ್ಲಿ ಇರಲೇಬೇಕು. ಮಳೆಗಾಲದಲ್ಲಿ ಕೊಳ್ಳುವವರು ಹಳೆ ಪುಸ್ತಕದ ಬೆನ್ನು ಬಿಡಿಸಿ ಮೂಸಿ ನೋಡಿ. ಬೂಸ್ಟು ಹಿಡಿದ ಒಂದು ಪುಸ್ತಕ ಕಪಾಟಿಗೆ ಬಂದರೆ ಪಕ್ಕದ ನಾಲ್ಕಕ್ಕೂ ಹರಡುತ್ತದೆ.