ನಾಲ್ಕು ಸ್ಮಾರ್ಟ್ ಪ್ಲಗ್‌ಗಿಂತ ಒಂದು ವಾಟ್ ಮೀಟರ್ ಮೇಲು

ಕರೆಂಟ್ ಉಳಿಸೋಣ ಅಂತ ನಾನು ಮೊದಲು ತಂದಿದ್ದು ನಾಲ್ಕು ಸ್ಮಾರ್ಟ್ ಪ್ಲಗ್. ಆರು ತಿಂಗಳಾದ ಮೇಲೆ ಒಂದು ವಾಟ್ ಮೀಟರ್ ತಂದೆ. ಸಾಕೆಟ್‌ಗೆ ಸಿಕ್ಕಿಸಿ, ಅದರೊಳಗೆ ಟೀವಿಯದೋ ಫ್ರಿಜ್ಜಿನದೋ ಪ್ಲಗ್ ಹಾಕುತ್ತಾರಲ್ಲ, ಅದು. ಈಗ ಯಾರು ಕೇಳಿದರೂ ಮೀಟರ್ರೇ ತಗೊಳ್ಳಿ ಅನ್ನುತ್ತೇನೆ.

ಸ್ಮಾರ್ಟ್ ಪ್ಲಗ್‌ನಲ್ಲಿ ಟೈಮರ್ ಇಡಬಹುದು, ಫೋನಿನಿಂದಲೇ ಆರಿಸಬಹುದು. ಆದರೆ ಅದು ಹಗಲೂ ರಾತ್ರಿ ವೈಫೈಗೆ ಅಂಟಿಕೊಂಡಿರಬೇಕು, ಅದಕ್ಕೂ ಕರೆಂಟ್ ಬೇಕು. ಮೀಟರ್‌ಗೆ ಹಾಕಿ ನೋಡಿದೆ. ಒಂದೊಂದೂ ಸುಮಾರು 1 ವಾಟ್. ಅಷ್ಟೇ ತಾನೆ ಅನ್ನಿಸುತ್ತದೆ, ಅಲ್ವಾ? ವರ್ಷಕ್ಕೆ ಅದು 8.76 ಯೂನಿಟ್, ನಾಲ್ಕಕ್ಕೆ 35. ಒಂದನ್ನು ಫೋನ್ ಚಾರ್ಜರ್‌ಗೆ ಹಾಕಿದ್ದೆ. ಫೋನ್ ಸಿಕ್ಕಿಸದ ಚಾರ್ಜರ್ ಮೀಟರ್‌ನಲ್ಲಿ 0.0 ತೋರಿಸಿತು. ಉಳಿಸಲಿಕ್ಕೆ ತಂದಿದ್ದೇ ಜಾಸ್ತಿ ತಿನ್ನುತ್ತಿತ್ತು!

ಮೀಟರ್ ಹಿಡಿದುಕೊಟ್ಟ ದೊಡ್ಡ ಕಳ್ಳ ಸೆಟ್‌ಟಾಪ್ ಬಾಕ್ಸ್. ರಿಮೋಟ್ ಒತ್ತಿದೆ, ಕೆಂಪು ದೀಪ ಬಂತು. ಮೀಟರ್ 13.2ರಿಂದ 11.4ಕ್ಕೆ ಇಳಿದು ಅಲ್ಲೇ ನಿಂತಿತು. ಆರಿಸಿದ ಮೇಲೂ 11.4 ವಾಟ್! ಆರಿಸಿದ ಮೇಲೂ ಎಳೆಯುವ ಈ ಕರೆಂಟ್, ಅಂದರೆ ಸ್ಟ್ಯಾಂಡ್‌ಬೈ, 1 ವಾಟ್ ದಾಟಬಾರದು ಅಂತ ಅಂತರರಾಷ್ಟ್ರೀಯ ಇಂಧನ ಸಂಸ್ಥೆ 1999ರಲ್ಲೇ ಹೇಳಿತ್ತು. ಫೋಟೋ ತೆಗೆದು ಕಂಪನಿಗೆ ಬರೆದೆ. ಮೆನುವಿನ ಒಳಗೆಲ್ಲೋ 'ಡೀಪ್ ಸ್ಲೀಪ್' ಇದೆ, ಆನ್ ಮಾಡಿಕೊಳ್ಳಿ ಅಂತ ಉತ್ತರ ಬಂತು. ಮಾಡಿದೆ, 0.5ಕ್ಕೆ ಇಳಿಯಿತು.

2007ರಲ್ಲಿ ಸಿಡ್ನಿಯಲ್ಲಿ ಶುರುವಾದ ಅರ್ಥ್ ಅವರ್‌ಗೆ ನಾನೂ ಪ್ರತಿವರ್ಷ ದೀಪ ಆರಿಸುತ್ತೇನೆ, ಮುಂದೆಯೂ ಬಿಡುವುದಿಲ್ಲ. ಆದರೆ 9 ವಾಟಿನ ಎಲ್‌ಇಡಿ ಬಲ್ಬನ್ನು ಒಂದು ಗಂಟೆ ಆರಿಸಿ ಉಳಿಸಿದ್ದನ್ನು ಆ ಬಾಕ್ಸ್ ಗಂಟೆಯೊಳಗೆ ನುಂಗಿಬಿಡುತ್ತಿತ್ತು.

ಮೀಟರ್‌ಗೂ ಮಿತಿ ಇದೆ. ಸೀಲಿಂಗ್ ಫ್ಯಾನ್, ಟ್ಯೂಬ್‌ಲೈಟ್ ಅಳೆಯಲು ಆಗದು. ಫ್ರಿಜ್ಜಿಗೆ ಪೂರ್ತಿ ಒಂದು ದಿನ ಬಿಡಬೇಕು, ಕಂಪ್ರೆಸರ್ ನಿಂತು ನಿಂತು ಓಡುತ್ತದಲ್ಲ.

ಆಪ್ ತೆರೆಯುವುದು ನನಗೆ ನೆನಪಿರುವುದಿಲ್ಲ, ಗೋಡೆಯ ಸ್ವಿಚ್ಚಿಗೆ ಕೈ ತಾನಾಗಿ ಹೋಗುತ್ತದೆ. ಯಾವ ಸ್ವಿಚ್ ಅಂತ ಗೊತ್ತಾದರೆ ಸಾಕು. ಖರ್ಚೂ ಕಡಿಮೆ: ಪ್ಲಗ್ ಒಂದೊಂದು ಸಾಮಾನಿಗೂ ಬೇಕು, ಮೀಟರ್ ಇಡೀ ಮನೆಗೆ ಒಂದೇ. ನಮ್ಮದಂತೂ ಈಗ ಎಂಟು ಮನೆ ಸುತ್ತಿದೆ. ಡೀಪ್ ಸ್ಲೀಪ್ ಆನ್ ಮಾಡಿಯೇ ಬಾಕ್ಸ್ ಕಳಿಸಿ ಅಂತ ಎಲ್ಲರೂ ಸಹಿ ಹಾಕಿ ಕಂಪನಿಗೆ ಪತ್ರ ಬರೆದಿದ್ದೇವೆ, ಎಂಟೂ ಮನೆಯ ಮೀಟರ್ ಫೋಟೋ ಲಗತ್ತಿಸಿ.