ಲಿನಕ್ಸ್‌ನಲ್ಲಿ ಎರಡನೇ ಮೆಟ್ಟಿಲು: ವರ್ಚುವಲ್‌ಬಾಕ್ಸೋ, ಡ್ಯುಯಲ್ ಬೂಟೋ, ಹಳೇ ಲ್ಯಾಪ್‌ಟಾಪೋ?

ಉಬುಂಟು ಹಾಕಿಕೊಂಡು ಫೈರ್‌ಫಾಕ್ಸ್ ನೋಡುವುದು, ಲಿಬ್ರೆಆಫೀಸಿನಲ್ಲಿ ಅರ್ಜಿ ಬರೆಯುವುದು ವಾರದೊಳಗೆ ರೂಢಿಯಾಗುತ್ತದೆ. ಆಮೇಲೆ ಬಹಳ ಮಂದಿ ಅಲ್ಲೇ ನಿಂತುಬಿಡುತ್ತಾರೆ. ಕೈಹಾಕಿದರೆ ಕೆಟ್ಟೀತು ಎಂಬ ಅಂಜಿಕೆ. ಕೆಟ್ಟದ್ದನ್ನು ಮತ್ತೆ ಎಬ್ಬಿಸಿ ನಿಲ್ಲಿಸಲು ಬಂದರೆ ಮೊದಲ ಹಂತ ದಾಟಿದಂತೆ, ಹಾಗಾಗಿ ಇಲ್ಲಿನ ಅಳತೆಗೋಲು ಅದೊಂದೇ: ಯಾವ ದಾರಿಯಲ್ಲಿ ಏನು ಕೆಡುತ್ತದೆ, ರಿಪೇರಿ ಕಲಿಯಲು ಎಷ್ಟು ಬೆಲೆ ತೆರಬೇಕು.

ಹೋಲಿಕೆಗೆ ಬಳಸಿದ್ದು ಎರಡು ಯಂತ್ರ: 8 ಜಿಬಿ ರ‍್ಯಾಮಿನ ವಿಂಡೋಸ್ 11 ಲ್ಯಾಪ್‌ಟಾಪ್ ಒಂದು, ಬ್ಯಾಟರಿ ಸತ್ತ 4 ಜಿಬಿಯ ಹಳೆಯದೊಂದು. ಜಾಗ ಶಿರಸಿ ಕಡೆ, ಕಾಲ ಮಳೆಗಾಲ, ಇಂಟರ್ನೆಟ್ ಎಂದರೆ ಮೊಬೈಲ್ ಹಾಟ್‌ಸ್ಪಾಟ್.

ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್ಎಲ್ ಎಲ್ಲಕ್ಕಿಂತ ಸಲೀಸು. ಅಡ್ಮಿನ್ ಪವರ್‌ಶೆಲ್‌ನಲ್ಲಿ ಒಂದೇ ಕಮಾಂಡ್, ಒಂದು ರೀಸ್ಟಾರ್ಟ್, ಉಬುಂಟು ಸಿದ್ಧ. ಕಡತದ ಸಾಲು ಹುಡುಕುವ, ಜೋಡಿಸುವ, ಲೆಕ್ಕ ಹಾಕುವ ಗ್ರೆಪ್, ಸಾರ್ಟ್, ಆಕ್ ಕಮಾಂಡುಗಳನ್ನು ಕಲಿಯಲು ಇಷ್ಟು ಸಾಕು. ತಾರೀಕು, ಬಗೆ, ಕ್ವಿಂಟಲ್ ದರ ಎಂದು ಅಡಿಕೆ ರೇಟಿನ ಸಿಎಸ್‌ವಿ ಕಡತ ಮಾಡಿಕೊಂಡು ಚಾಲಿಯ ಸರಾಸರಿ ಬೇರೆ, ರಾಶಿಯ ಸರಾಸರಿ ಬೇರೆ ತೆಗೆಯುವುದು ಒಳ್ಳೆಯ ಅಭ್ಯಾಸ. ಕಡತ ಮಾತ್ರ ಲಿನಕ್ಸಿನ ಹೋಮ್ ಫೋಲ್ಡರಿನಲ್ಲೇ ಇರಲಿ, ಸಿ ಡ್ರೈವಿನಿಂದ ಓದಿಸಿದರೆ ತೆವಳುತ್ತದೆ. ಆದರೆ ಇಲ್ಲಿ ಲಿನಕ್ಸನ್ನು ಎಬ್ಬಿಸುವ ಬೂಟ್‌ಲೋಡರ್ ಇಲ್ಲ, ಡಿಸ್ಕನ್ನು ಭಾಗ ಮಾಡುವ ಪಾರ್ಟಿಶನ್ ಕೆಲಸ ಇಲ್ಲ, ಡ್ರೈವರ್ ಗೊಡವೆಯೂ ಇಲ್ಲ. ಕೆಡುವ ಭಾಗವೇ ಇಲ್ಲದ ಮೇಲೆ ರಿಪೇರಿ ಕಲಿಯುವುದು ಎಲ್ಲಿಂದ?

ವಿಂಡೋಸಿನ ಕಿಟಕಿಯೊಳಗೆ ಇನ್ನೊಂದು ಕೃತಕ ಕಂಪ್ಯೂಟರ್ ನಡೆಸುವ ವರ್ಚುವಲ್‌ಬಾಕ್ಸ್‌ನಲ್ಲಿ ಅದೆಲ್ಲ ಇದೆ. ಡೆಬಿಯನ್ ಎಂಬ ಲಿನಕ್ಸ್ ಜೊತೆ ಹಗುರವಾದ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಹಾಕುವುದಾದರೆ 2 ಜಿಬಿ ರ‍್ಯಾಮ್, 2 ಸಿಪಿಯು, 25 ಜಿಬಿ ಡೈನಮಿಕ್ (ಬಳಸಿದಷ್ಟೇ ಜಾಗ ಹಿಡಿಯುವ) ಡಿಸ್ಕ್ ಕೊಡಿ. 8 ಜಿಬಿ ಯಂತ್ರದಲ್ಲಿ 4 ಕೊಟ್ಟರೆ ವಿಂಡೋಸ್ ಉಸಿರುಗಟ್ಟುತ್ತದೆ. ಶುರುವಾಗದೇ ಇದ್ದರೆ ಬಯಾಸ್‌ನಲ್ಲಿ ವರ್ಚುವಲೈಸೇಶನ್ ಆನ್ ಇದೆಯೇ ನೋಡಿ. ಶುರುವಾಗಿಯೂ ಕಿಟಕಿಯ ಕೆಳಪಟ್ಟಿಯಲ್ಲಿ ಹಸಿರು ಆಮೆ ಕಂಡರೆ, ವಿಂಡೋಸಿನದೇ ವರ್ಚುವಲ್ ಯಂತ್ರದ ವ್ಯವಸ್ಥೆಯಾದ ಹೈಪರ್-ವಿ ಅಡ್ಡ ಬಂದಿದೆ ಎಂದರ್ಥ. ಡಬ್ಲ್ಯೂಎಸ್ಎಲ್ 2 ನಡೆಯುವುದು ಅದರ ಮೇಲೆಯೇ. ಅಂದರೆ ಎರಡನ್ನೂ ಒಂದೇ ಯಂತ್ರದಲ್ಲಿ ಇಟ್ಟುಕೊಂಡರೆ ವರ್ಚುವಲ್‌ಬಾಕ್ಸ್ ನಿಜಕ್ಕೂ ಆಮೆಯಾಗುತ್ತದೆ. ಒಂದನ್ನು ಬಿಡಿ.

ವರ್ಚುವಲ್‌ಬಾಕ್ಸಿನ ಬಂಡವಾಳ ಸ್ನ್ಯಾಪ್‌ಶಾಟ್, ಅಂದರೆ ಯಂತ್ರದ ಈಗಿನ ಸ್ಥಿತಿ ಉಳಿಸಿಟ್ಟು ಬೇಕಾದಾಗ ಅಲ್ಲಿಗೇ ಮರಳುವ ಸೌಲಭ್ಯ. ಮೊದಲು ಸ್ನ್ಯಾಪ್‌ಶಾಟ್ ತೆಗೆಯಿರಿ, ಆಮೇಲೆ ಬೇಕೆಂದೇ ಕೆಡಿಸಿ. ಒಂದು ಪಾಠ: ಡೆಬಿಯನ್ ಹಾಕುವಾಗ ಹೋಮ್‌ಗೆ ಪ್ರತ್ಯೇಕ ಪಾರ್ಟಿಶನ್ ಆರಿಸಿ. ನಂತರ ಇಟಿಸಿ ಫೋಲ್ಡರಿನಲ್ಲಿ, ಯಾವ ಡಿಸ್ಕನ್ನು ಎಲ್ಲಿ ಜೋಡಿಸಬೇಕೆಂದು ಹೇಳುವ ಎಫ್‌ಸ್ಟ್ಯಾಬ್ ಕಡತದಲ್ಲಿ ಹೋಮ್ ಸಾಲಿನ ಯುಯುಐಡಿಯ (ಪಾರ್ಟಿಶನ್ನಿನ ಗುರುತು) ಒಂದು ಅಕ್ಷರ ಬದಲಿಸಿ ರೀಬೂಟ್ ಮಾಡಿ. ಇಲ್ಲದ ಡಿಸ್ಕಿಗಾಗಿ ಒಂದೂವರೆ ನಿಮಿಷ ಕಾದು, ಎಮರ್ಜೆನ್ಸಿ ಮೋಡ್‌ಗೆ ಬೀಳುತ್ತದೆ. ಪೂರ್ಣ ಅಧಿಕಾರವಿರುವ ರೂಟ್ ಖಾತೆಯ ಪಾಸ್‌ವರ್ಡ್ ಕೊಟ್ಟು ಒಳಹೋಗಿ, ಬಿಎಲ್‌ಕೆಐಡಿ ಕಮಾಂಡ್ ತೋರಿಸುವ ಸರಿಯಾದ ಯುಯುಐಡಿ ನೋಡಿ, ನ್ಯಾನೊ ಎಡಿಟರಿನಲ್ಲಿ ತಿದ್ದಿದರೆ ಮುಗಿಯಿತು. ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕನ್ನು ಈ ಕಡತಕ್ಕೆ ಸೇರಿಸಿ 'ನೋಫೇಲ್' (ಡಿಸ್ಕ್ ಇಲ್ಲದಿದ್ದರೂ ಬೂಟ್ ಮುಂದುವರಿಯಲಿ) ಎಂದು ಬರೆಯದೆ ಬಿಟ್ಟವರಿಗೆ, ಡಿಸ್ಕ್ ಕಿತ್ತಿಟ್ಟ ದಿನ ಕಾಣುವುದೂ ಇದೇ ಪರದೆ.

ಇದರಲ್ಲೊಂದು ಸಿಕ್ಕು ಇದೆ. ಇನ್‌ಸ್ಟಾಲ್ ವೇಳೆ ರೂಟ್ ಪಾಸ್‌ವರ್ಡ್ ಖಾಲಿ ಬಿಟ್ಟರೆ ನಿಮ್ಮ ಖಾತೆಯಿಂದಲೇ ರೂಟ್ ಅಧಿಕಾರ ಬಳಸುವ ಸುಡೊ ತಾನಾಗಿ ಸಿಗುತ್ತದೆ, ಆದರೆ ರೂಟ್ ಖಾತೆಗೆ ಬೀಗ ಬಿದ್ದಿರುವುದರಿಂದ ಎಮರ್ಜೆನ್ಸಿ ಮೋಡ್ ಒಳಗೆ ಬಿಡುವುದಿಲ್ಲ. ಪಾಸ್‌ವರ್ಡ್ ಕೊಟ್ಟರೆ ಆ ಬಾಗಿಲು ತೆರೆಯುತ್ತದೆ, ಸುಡೊ ಮಾತ್ರ ಇರುವುದಿಲ್ಲ. ಕಲಿಯುವವರಿಗೆ ಎರಡನೆಯದೇ ಒಳ್ಳೆಯದು: ರೂಟ್ ಆಗಿ ಒಳಹೋಗಿ ನಿಮ್ಮ ಹೆಸರನ್ನು ಸುಡೊ ಗುಂಪಿಗೆ ಸೇರಿಸಿ, ಲಾಗ್‌ಔಟ್ ಆಗಿ ಮತ್ತೆ ಬನ್ನಿ.

ಆರ್ಚ್ ಎಂಬ ಇನ್ನೊಂದು ಲಿನಕ್ಸ್ ನೋಡುವ ಹಂಬಲವಿದ್ದರೆ ಅದಕ್ಕೂ ವರ್ಚುವಲ್‌ಬಾಕ್ಸೇ ಜಾಗ. ಕೈಯಾರೆ ಇನ್‌ಸ್ಟಾಲ್ ಮಾಡಿದರೆ ಬೂಟ್ ಹೇಗೆ ನಡೆಯುತ್ತದೆಂದು ತಿಳಿಯುತ್ತದೆ. ರೀಬೂಟ್‌ಗೆ ಮುಂಚೆ ನೆಟ್‌ವರ್ಕ್‌ಮ್ಯಾನೇಜರ್ ಹಾಕಲು ಮರೆತು, ಇಂಟರ್ನೆಟ್ ಇಲ್ಲದ ಯಂತ್ರದ ಮುಂದೆ ಕೂರುವುದು ಎಲ್ಲರೂ ಮಾಡುವ ತಪ್ಪು. ದಿನಬಳಕೆಗೆ ಮಾತ್ರ ಆರ್ಚ್ ಬೇಡ. ಅಪ್‌ಡೇಟ್ ನಿಲ್ಲುವುದೇ ಇಲ್ಲ, ದಿನಕ್ಕಿಷ್ಟೇ ಡೇಟಾ ಎಂಬ ಮೊಬೈಲ್ ಪ್ಯಾಕಿಗೆ ಅದು ಹೊರೆ. ತಿಂಗಳುಗಟ್ಟಲೆ ಬಿಟ್ಟು ಮಾಡಿದರೆ, ಪ್ಯಾಕೇಜು ಅಸಲಿಯೇ ಎಂದು ಪರೀಕ್ಷಿಸುವ ಸಹಿ ಕೀಲಿಗಳು ಹಳತಾಗಿ ಪ್ಯಾಕೇಜುಗಳನ್ನೇ ಒಪ್ಪುವುದಿಲ್ಲ.

ಒಂದೇ ಯಂತ್ರದಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಹಾಕಿ ಬೇಕಾದ್ದನ್ನು ಬೂಟ್ ಮಾಡುವ ಡ್ಯುಯಲ್ ಬೂಟ್‌ಗೆ ನಮ್ಮ ಮತ ಕಡಿಮೆ. ವೇಗ ಪೂರ್ತಿ ಸಿಗುತ್ತದೆ, ಆದರೆ ತಪ್ಪಿದರೆ ಮನೆಮಂದಿಯ ಕಡತಗಳೂ ಹೋಗುತ್ತವೆ. ಮಾಡಲೇಬೇಕಿದ್ದರೆ ಮೊದಲು ಬ್ಯಾಕಪ್. ವಿಂಡೋಸ್ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರಿನ ರಿಕವರಿ ಕೀ ಬರೆದಿಟ್ಟುಕೊಳ್ಳಿ, ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಿಂದಲೇ 40 ಜಿಬಿ ಬಿಡಿಸಿಕೊಳ್ಳಿ. ಫಾಸ್ಟ್ ಸ್ಟಾರ್ಟಪ್ ಆನ್ ಆಗಿಯೇ ಇದ್ದರೆ ವಿಂಡೋಸ್ ಅರೆನಿದ್ದೆಯಲ್ಲಿರುತ್ತದೆ, ಅದರ ಪಾರ್ಟಿಶನ್‌ಗೆ ಲಿನಕ್ಸಿನಿಂದ ಬರೆಯಲಾಗದು. ಲಿನಕ್ಸ್ ಬಳಸಿ ಬಂದ ಮೇಲೆ ವಿಂಡೋಸ್ ಗಡಿಯಾರ ಐದೂವರೆ ಗಂಟೆ ಹಿಂದೆ ಬಿದ್ದರೆ ಹೆದರಬೇಡಿ. ಲಿನಕ್ಸ್ ಯಂತ್ರದ ಗಡಿಯಾರಕ್ಕೆ ಯುಟಿಸಿ (ಜಾಗತಿಕ ಸಮಯ) ಬರೆಯುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯವೆಂದು ಓದುತ್ತದೆ, ಅಷ್ಟೇ.

ನಮ್ಮ ಆಯ್ಕೆ: ಎರಡು ತಿಂಗಳು ವರ್ಚುವಲ್‌ಬಾಕ್ಸ್, ಆಮೇಲೆ ಹಳೇ ಲ್ಯಾಪ್‌ಟಾಪಿನಲ್ಲಿ ಡೆಬಿಯನ್ ಒಂದೇ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ ಮೂಲೆ ಸೇರಿದ ಲ್ಯಾಪ್‌ಟಾಪ್‌ಗಳಿಗೆ ಬರವಿಲ್ಲ. ಡೆಬಿಯನ್ 12ರಿಂದ ಇನ್‌ಸ್ಟಾಲರ್ ಒಳಗೇ ವೈಫೈ ಫರ್ಮ್‌ವೇರ್ ಇರುವುದರಿಂದ ಹೆಚ್ಚಿನ ಕಾರ್ಡುಗಳು ಗುರುತಾಗುತ್ತವೆ. ನೆಟ್ ಇನ್‌ಸ್ಟಾಲ್ ಇಮೇಜ್ ಚಿಕ್ಕದು, ಆದರೆ ಡೆಸ್ಕ್‌ಟಾಪನ್ನೆಲ್ಲ ಆಮೇಲೆ ಇಳಿಸುತ್ತದೆ. ಹಾಟ್‌ಸ್ಪಾಟ್ ನಂಬಿದವರು ಪೇಟೆಯಲ್ಲಿ ಡಿವಿಡಿ ಇಮೇಜ್ ಇಳಿಸಿ ಪೆನ್‌ಡ್ರೈವ್‌ನಲ್ಲಿ ತರುವುದು ಮೇಲು. ಕನ್ನಡಕ್ಕೆ ಫಾಂಟ್ಸ್-ಕೆಎನ್‌ಡಿಎ ಮತ್ತು ಐಬಸ್-ಎಂ17ಎನ್ ಪ್ಯಾಕೇಜ್ ಹಾಕಿ, ಕನ್ನಡ ಗಣಕ ಪರಿಷತ್ತಿನ ಕೆಜಿಪಿ ಕೀಲಿಮಣೆ ವಿನ್ಯಾಸವೂ ಎರಡನೆಯದರಲ್ಲೇ ಇದೆ. ಟರ್ಮಿನಲ್‌ನಲ್ಲಿ ಒತ್ತಕ್ಷರ ಚದುರಿ ಕಂಡರೆ ಕಡತ ಕೆಟ್ಟಿಲ್ಲ, ದೋಷ ಟರ್ಮಿನಲ್ಲಿನದು.

ಬ್ಯಾಟರಿ ಸತ್ತ ಯಂತ್ರದಲ್ಲಿ ಗಾಳಿಮಳೆಗೆ ಕರೆಂಟು ಹೋದರೆ ಲಿನಕ್ಸಿನ ಇಎಕ್ಸ್‌ಟಿ4 ಫೈಲ್‌ಸಿಸ್ಟಮ್ ಬದಲಾವಣೆಗಳನ್ನು ಬರೆದಿಡುವ ಜರ್ನಲ್ ಅದರ ಕಟ್ಟನ್ನು ಕಾಯುತ್ತದೆ, ಸೇವ್ ಮಾಡದ ಬರಹವನ್ನಲ್ಲ. ಅಪ್‌ಡೇಟ್ ನಡುವೆ ಹೋದರೆ ಪ್ಯಾಕೇಜುಗಳು ಅರ್ಧಕ್ಕೆ ನಿಲ್ಲುತ್ತವೆ. ಆಗ ಪ್ಯಾಕೇಜು ಹಾಕುವ ಡಿಪಿಕೆಜಿ ಕಮಾಂಡಿನ 'ಕಾನ್ಫಿಗರ್' ಆಯ್ಕೆಯನ್ನು ಎಲ್ಲ ಪ್ಯಾಕೇಜಿಗೂ ಓಡಿಸಿ, ಮುಗಿದ ಮೇಲೆ ಪ್ಯಾಕೇಜು ಇಳಿಸಿ ಹಾಕುವ ಅಪ್ಟ್‌ ಕಮಾಂಡಿನ 'ಫಿಕ್ಸ್ ಬ್ರೋಕನ್'. ಬಳಿಕ ಲಾಗ್ ತೋರಿಸುವ ಜರ್ನಲ್‌ಸಿಟಿಎಲ್ ಕಮಾಂಡಿನಲ್ಲಿ ಹಿಂದಿನ ಬೂಟಿನ ಲಾಗ್ ತೆರೆದು ಕೊನೆಯ ಸಾಲುಗಳನ್ನು ಓದಿ. ಶಟ್‌ಡೌನ್ ಸಾಲುಗಳಿಲ್ಲದೆ ತಟ್ಟನೆ ನಿಂತಿದ್ದರೆ ಕರೆಂಟಿನ ಮೇಲೆ ಅನುಮಾನ ಪಡಬಹುದು. 'ಔಟ್ ಆಫ್ ಮೆಮೊರಿ' ಎಂದಿದ್ದರೆ 4 ಜಿಬಿಗೆ ಬ್ರೌಸರ್ ಟ್ಯಾಬು ಹೆಚ್ಚಾಯಿತು.