ಹೈಡ್ರಾಲಿಕ್ ಮೋಟರಿನ ಹುಲ್ಲು ರೇಕ್: ಹಲವು ಹಂಗಾಮು ಓಡಿಸಿದ ಮೇಲೆ

ಪಿಟಿಒ ಶಾಫ್ಟ್ (ಎಂಜಿನ್ನಿನ ಶಕ್ತಿಯನ್ನು ಉಪಕರಣಕ್ಕೆ ಒಯ್ಯುವ ತಿರುಗುವ ದಂಡ) ಇಲ್ಲದೆ, ಟ್ರ್ಯಾಕ್ಟರಿನ ಹೈಡ್ರಾಲಿಕ್ ಎಣ್ಣೆಯಿಂದಲೇ ತಿರುಗುವ ಎರಡು ಬುಟ್ಟಿಯ, ಅಂದರೆ ಹುಲ್ಲು ಗೋರುವ ಹಲ್ಲುಗಳ ಎರಡು ಚೌಕಟ್ಟಿನ, ರೇಕ್ ಇದು. ಹುಲ್ಲನ್ನು ಸಾಲು ಕಟ್ಟುವ ಕೆಲಸ ಅಚ್ಚುಕಟ್ಟು. ಬುಟ್ಟಿಯ ವೇಗವನ್ನು ಟ್ರ್ಯಾಕ್ಟರಿನ ಓಟಕ್ಕೆ ತಕ್ಕಂತೆ ತಗ್ಗಿಸಬಹುದಾದ್ದರಿಂದ ಲೂಸರ್ನ್‌ನಂಥ ಎಲೆ ಉದುರುವ ಮೇವಿಗೆ ತುಂಬ ಅನುಕೂಲ. ತೇವ ಶೇ. 30–40 ಇರುವಾಗಲೇ ಸಾಲು ಮಾಡಿ, ಬೇಲ್ ಕಟ್ಟುವ ಹೊತ್ತಿಗೆ ಶೇ. 15–18ಕ್ಕೆ ಇಳಿಯಲು ಬಿಟ್ಟರೆ ಎಲೆ ಉಳಿಯುತ್ತದೆ, ಬೂಷ್ಟೂ ಹಿಡಿಯುವುದಿಲ್ಲ.

ಇದರ ತೊಂದರೆಗಳಲ್ಲಿ ಹೆಚ್ಚಿನವು ಹುಟ್ಟುವುದು ಎಣ್ಣೆ ವಾಪಸು ಹೋಗುವ ದಾರಿಯಲ್ಲಿ. ಮೋಟರಿನ ಶಾಫ್ಟ್ ಸೀಲ್ ತಡೆಯುವುದು ಕಡಿಮೆ ಒತ್ತಡವನ್ನು ಮಾತ್ರ. ರಿಟರ್ನ್ ಕಪ್ಲರ್ (ಎಣ್ಣೆ ವಾಪಸು ಹೋಗುವ ಹೋಸನ್ನು ಟ್ರ್ಯಾಕ್ಟರಿಗೆ ಸಿಕ್ಕಿಸುವ ಜೋಡಣೆ) ಅರ್ಧ ಕೂತಿದ್ದರೆ ಒಳಗಿನ ಒತ್ತಡಕ್ಕೆ ಹೋಗಲು ಜಾಗವಿಲ್ಲದೆ ಅದು ಸೀಲನ್ನೇ ಹೊರಕ್ಕೆ ತಳ್ಳುತ್ತದೆ. ಆದ್ದರಿಂದ ಜೋಡಿಸುವಾಗ ರಿಟರ್ನ್ ಮೊದಲು, ಬಿಚ್ಚುವಾಗ ರಿಟರ್ನ್ ಕೊನೆಗೆ. ಕೇಸ್ ಡ್ರೇನ್, ಅಂದರೆ ಮೋಟರಿನೊಳಗೆ ಸೋರಿದ ಎಣ್ಣೆ ಹೊರಹೋಗುವ ಪೈಪು, ಇರುವ ಮೋಟರಾದರೆ ಆ ಸಣ್ಣ ಪೈಪು ನೇರ ಟ್ಯಾಂಕಿಗೇ ಹೋಗಬೇಕು. ಅದನ್ನು ರಿಮೋಟ್ ವಾಲ್ವ್‌ಗೆ (ಉಪಕರಣಕ್ಕೆ ಎಣ್ಣೆ ಬಿಡುವ ಟ್ರ್ಯಾಕ್ಟರಿನ ವಾಲ್ವ್) ಸಿಕ್ಕಿಸುವುದು ಸೀಲ್ ಕೆಡಲು ಸುಲಭದ ದಾರಿ. ಹೊಸ ಸೀಲ್ ಹಾಕಿದ ಬೆನ್ನಲ್ಲೇ ಮತ್ತೆ ಸೋರಿದರೆ ಮೂರನೆಯದನ್ನು ತರುವ ಮುಂಚೆ ಈ ದಾರಿಯನ್ನು ಪರೀಕ್ಷಿಸಿ.

ನಿಲ್ಲಿಸುವ ರೀತಿಯೂ ಅಷ್ಟೇ ಮುಖ್ಯ. ಈ ವಾಲ್ವಿನ ಲಿವರನ್ನು ತಟಕ್ಕನೆ ನ್ಯೂಟ್ರಲ್‌ಗೆ ತಂದರೆ ಎರಡೂ ಬದಿಯ ಎಣ್ಣೆ ಕಟ್ಟಿಹೋಗುತ್ತದೆ, ತಿರುಗುತ್ತಿರುವ ಬುಟ್ಟಿ ಮಾತ್ರ ನಿಲ್ಲುವುದಿಲ್ಲ. ಒಂದು ಬದಿಗೆ ಒತ್ತಡದ ಏಟು, ಇನ್ನೊಂದು ಬದಿಗೆ ಎಣ್ಣೆಯಿಲ್ಲದ ಟೊಳ್ಳು. ಎರಡೂ ಬದಿಯ ಎಣ್ಣೆಯನ್ನು ಸರಾಗವಾಗಿ ಹರಿಯಬಿಡುವ ಫ್ಲೋಟ್‌ ಸ್ಥಾನಕ್ಕೆ ಹಾಕಿ, ಬುಟ್ಟಿ ತಾನೇ ನಿಲ್ಲಲಿ.

ಬುಟ್ಟಿ ನಿಧಾನವಾಯಿತೆಂದು ರಿಲೀಫ್ ವಾಲ್ವ್ (ಒತ್ತಡ ಮಿತಿ ಮೀರಿದಾಗ ಎಣ್ಣೆಯನ್ನು ಹೊರಬಿಡುವ ವಾಲ್ವ್) ಬಿಗಿಮಾಡುವವರು ಬಹಳ. ವೇಗ ಬರುವುದು ಎಣ್ಣೆಯ ಹರಿವಿನಿಂದ. ಒತ್ತಡ ಏರುವುದು ಹೊರೆಗೆ ತಕ್ಕಂತೆ. 160 ಸಿಸಿ ಮೋಟರಿಗೆ (ಒಂದು ಸುತ್ತಿಗೆ 160 ಘನ ಸೆಂ.ಮೀ. ಎಣ್ಣೆ ಬೇಡುವುದು) ನಿಮಿಷಕ್ಕೆ 40 ಲೀಟರ್ ಕೊಟ್ಟರೆ ಲೆಕ್ಕಕ್ಕೆ 250 ಸುತ್ತು, ಒಳಸೋರಿಕೆ ಕಳೆದರೆ ಇನ್ನೂ ಸ್ವಲ್ಪ ಕಡಿಮೆ. ಅದೇ 40 ಲೀಟರ್ 150 ಬಾರ್‌ ಒತ್ತಡದಲ್ಲಿ ಹರಿದರೆ ಸುಮಾರು 10 ಕಿಲೋವ್ಯಾಟ್ ಶಕ್ತಿ. ಪಂಪು ಸಣ್ಣದಿರುವ ಟ್ರ್ಯಾಕ್ಟರಿಗೆ ಈ ರೇಕ್ ಹೊಂದುವುದಿಲ್ಲ. ಕೊಳ್ಳುವ ಮುಂಚೆಯೇ ಈ ಗುಣಾಕಾರ ಮಾಡಿಕೊಳ್ಳಬೇಕು. ಹರಿವು ಸಾಕಷ್ಟಿದ್ದೂ ನಿಧಾನವಾದರೆ ಕೇಸ್ ಡ್ರೇನ್ ಪೈಪಿನ ತುದಿಯನ್ನು ಅಳತೆಯ ಡಬ್ಬಕ್ಕೆ ಬಿಟ್ಟು, ಹೊರೆಯಲ್ಲಿ ಒಂದು ನಿಮಿಷಕ್ಕೆ ಎಷ್ಟು ಬರುತ್ತದೆಂದು ನೋಡಿ. ಕೈಪಿಡಿಯ ಮಿತಿಗಿಂತ ಹೆಚ್ಚಿದ್ದರೆ ಮೋಟರ್ ಸವೆದಿದೆ. ಹರಿವು ಹೆಚ್ಚಾಗಿ ಬುಟ್ಟಿ ಜೋರಾಗಿ ತಿರುಗುತ್ತಿದ್ದರೆ, ಗೇರ್ ಪಂಪಿನ ಟ್ರ್ಯಾಕ್ಟರಿನಲ್ಲಿ ವಾಲ್ವ್ ಕಿರಿದು ಮಾಡುವ ಬದಲು ಎಂಜಿನ್ ವೇಗ ಇಳಿಸುವುದೇ ಸರಿ. ಇಲ್ಲವಾದರೆ ಮಿಕ್ಕ ಎಣ್ಣೆ ರಿಲೀಫ್ ಮೂಲಕ ನುಗ್ಗಿ ಕಾಯುತ್ತದೆ. 80 ಡಿಗ್ರಿ ದಾಟಿದ ಎಣ್ಣೆ ಸೀಲುಗಳ ಆಯುಸ್ಸು ತಿನ್ನುತ್ತದೆ.

ಸೀಲ್ ಬದಲಾವಣೆ ಕಷ್ಟದ ಕೆಲಸವಲ್ಲ. ಶಾಫ್ಟಿನಲ್ಲಿ ಕೀ ಕೂರುವ ತೋಡಿನ ಮೇಲೆ ತೆಳು ಟೇಪು ಸುತ್ತಿ, ಸೀಲಿನ ತುಟಿಗೆ ಎಣ್ಣೆ ಸವರಿ, ಓರೆಯಾಗದಂತೆ ಒತ್ತಬೇಕು. ಹಳೆಯ ಸೀಲ್ ಉಜ್ಜಿದ ಜಾಗದಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಗೆರೆ ಬಿದ್ದಿದ್ದರೆ ಬರೀ ಸೀಲ್ ಸಾಲದು. ಆ ಜಾಗದ ಮೇಲೆ ತೆಳು ಸ್ಟೀಲ್ ಸ್ಲೀವ್ (ಕೊಳವೆಯಂಥ ಹೊದಿಕೆ) ಏರಿಸಿ.

ತೋಳು ಎತ್ತುವ ಸಿಲಿಂಡರ್ ಮೇಲೆತ್ತಿದ್ದು ನಿಲ್ಲದೆ ಇಳಿಯತೊಡಗಿದರೆ ತಪ್ಪು ವಾಲ್ವಿನದೋ ಪಿಸ್ಟನ್ ಸೀಲಿನದೋ ತಿಳಿಯಬೇಕು. ತೋಳಿಗೆ ಗಟ್ಟಿ ಆಸರೆ ಕೊಟ್ಟು, ರಾಡನ್ನು ಪೂರ್ತಿ ಹೊರಕ್ಕೆ ಚಾಚಿ, ಒತ್ತಡ ಇಳಿಸಿ, ರಾಡ್ ಬದಿಯ ಹೋಸ್ ಬಿಚ್ಚಿ ಹೋಸಿನ ಬಾಯಿ ಮುಚ್ಚಿಡಿ. ಈಗ ಇನ್ನೊಂದು ಬದಿಗೆ ಎಣ್ಣೆ ಒತ್ತಿದಾಗ ಸಿಲಿಂಡರಿನ ತೆರೆದ ಬಾಯಿಂದ ಎಣ್ಣೆ ಬರುತ್ತಲೇ ಇದ್ದರೆ ಪಿಸ್ಟನ್ ಸೀಲ್ ಹೋಗಿದೆ. ನಿಂತರೆ ವಾಲ್ವ್ ನೋಡಿ.

ಹೋಸಿನ ವಿಷಯದಲ್ಲಿ ತಯಾರಕರ ಕೆಲಸ ನನಗೆ ಒಪ್ಪಿಗೆಯಾಗಿಲ್ಲ: ತೋಳು ಮಡಚುವ ಕೀಲಿನ ಹತ್ತಿರ ಹೋಸ್ ಚೌಕಟ್ಟಿಗೆ ಉಜ್ಜುತ್ತದೆ. ಅಲ್ಲೊಂದು ಕವಚ ಮೊದಲ ದಿನವೇ ತೊಡಿಸಿ. ಬದಲಿಸುವಾಗ ಹೊರಗಾತ್ರ ನೋಡಬೇಡಿ, ಒಳವ್ಯಾಸ ಮತ್ತು ಮೈಮೇಲೆ ಅಚ್ಚಾದ ಒತ್ತಡ ನೋಡಿ. ಹೋಸಿನ ಅಳತೆಯಲ್ಲಿ ಡ್ಯಾಶ್ 8 ಎಂದರೆ ಅರ್ಧ ಇಂಚು ಒಳವ್ಯಾಸ. ಹೋಸಿನ ತುದಿಯ ಜೋಡಣೆಯಲ್ಲಿ ಜೆಐಸಿ, ಬಿಎಸ್‌ಪಿ ಎಂಬ ಬೇರೆ ಬೇರೆ ಮಾದರಿಗಳಿವೆ: ಜೆಐಸಿ ಫಿಟ್ಟಿಂಗಿನ ಕೋನ 37 ಡಿಗ್ರಿ, ಬಿಎಸ್‌ಪಿಯದು ಬೇರೆ. ಒಂದಕ್ಕೆ ಇನ್ನೊಂದನ್ನು ಹಾಕಿ, ಥ್ರೆಡ್ ಎರಡು ಸುತ್ತು ಹಿಡಿಯಿತೆಂದು ಬಿಗಿದರೆ ಸೋರುತ್ತದೆ. ಜೆಐಸಿಗೆ ಟೆಫ್ಲಾನ್ ಟೇಪೂ ಬೇಡ, ಹರಿದ ಚೂರು ವಾಲ್ವಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಸೋರುವ ಜಾಗವನ್ನು ಎಂದಿಗೂ ಕೈಯಿಂದ ತಡವಬೇಡಿ, ರಟ್ಟಿನ ತುಂಡು ಹಿಡಿದು ಹುಡುಕಿ. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮದೊಳಕ್ಕೆ ಹೋಗುತ್ತದೆ. ಗಾಯ ಚಿಕ್ಕದಾಗಿ ಕಂಡರೂ, ನೋವಿಲ್ಲದಿದ್ದರೂ ಆ ಕ್ಷಣವೇ ಆಸ್ಪತ್ರೆಗೆ ಹೋಗಿ, ಒತ್ತಡದ ಎಣ್ಣೆ ಒಳಹೊಕ್ಕಿದೆಯೆಂದು ವೈದ್ಯರಿಗೆ ಸ್ಪಷ್ಟವಾಗಿ ಹೇಳಬೇಕು.

ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದರೆ ನೀರು ಸೇರಿದೆ, ನೊರೆ ಬಂದರೆ ಪಂಪು ಗಾಳಿ ಎಳೆಯುತ್ತಿದೆ. ಹಲವು ಟ್ರ್ಯಾಕ್ಟರುಗಳಲ್ಲಿ ಗೇರ್‌ಬಾಕ್ಸಿಗೂ ಹೈಡ್ರಾಲಿಕ್ಕಿಗೂ ಒಂದೇ ಎಣ್ಣೆ ಇರುವುದರಿಂದ, ಕಪ್ಲರ್ ಒರೆಸದೆ ಸಿಕ್ಕಿಸಿದ ಹುಲ್ಲಿನ ಧೂಳು ಗೇರ್‌ಬಾಕ್ಸ್‌ವರೆಗೂ ಹೋಗುತ್ತದೆ. ಹಂಗಾಮು ಮುಗಿದಾಗ ಕಪ್ಲರುಗಳಿಗೆ ಮುಚ್ಚಳ ಹಾಕಿ, ರಾಡುಗಳನ್ನು ಆದಷ್ಟು ಒಳಕ್ಕೆಳೆದಿಡಿ. ಹೊರಗುಳಿದ ಭಾಗಕ್ಕೆ ಗ್ರೀಸ್ ಬಳಿಯಿರಿ, ಏಕೆಂದರೆ ತುಕ್ಕು ಹಿಡಿದ ರಾಡ್ ಮುಂದಿನ ಹಂಗಾಮಿನ ಮೊದಲ ಎಳೆತದಲ್ಲೇ ಸೀಲನ್ನು ಕೊಯ್ಯುತ್ತದೆ.